ಪಾಲು, ಹಾಲು, ಆಲು

ಒಂಬತ್ತನೇ ತರಗತಿಯ ಕಾಪಿ ತಿದ್ದುತ್ತಿದ್ದೆ. 'ನಮ್ಮ ಊರು' ಅನ್ನುವ ಪ್ರಬಂಧ. ಒಬ್ಬ ಹುಡುಗಿ ಮೊದಲ ಸಾಲಿನಲ್ಲೇ ಬರೆದಿದ್ದಳು: 'ನಮ್ಮದು ಆಸನ ಜಿಲ್ಲೆ.' ಕೆಂಪು ಪೆನ್ನು ತಾನಾಗಿಯೇ ಹೋಗಿ ಆ ಅಕ್ಷರದ ಸುತ್ತ ಒಂದು ಸೊನ್ನೆ ಸುತ್ತಿತು. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಯೋಚಿಸಬೇಕಾಗಿಯೇ ಇಲ್ಲ. ಮಾರನೇ ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ ಓದಿಸಿದೆ. ಬರೆದ ಹಾಗೇ ಓದಿದಳು. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಅದರ ನಡುವೆ ಒಬ್ಬ ಹುಡುಗನ ಮಾತು ಕೇಳಿಸಿತು: "ಫುಲ್ ಲೋಕಲ್ ಕಣೋ."

ಆ ಹುಡುಗನೂ ಹಾಸನದವನೇ. ಪೋಷಕರ ಸಭೆಗೆ ಅವನ ಅಜ್ಜಿ ಬರುತ್ತಾರೆ. ನನ್ನ ಕೈ ಹಿಡಿದುಕೊಂಡು "ನಮ್ಮುಡುಗ ಎಂಗ್ ಓದ್ತವ್ನೆ ಮೇಡಂ" ಅಂತ ಕೇಳುತ್ತಾರೆ. ಅವರ ಬಾಯಲ್ಲೂ ಊರು ಆಸನವೇ. ತಾನು ನಕ್ಕಿದ್ದು ತನ್ನ ಅಜ್ಜಿಯನ್ನು ಅಂತ ಅವನಿಗೆ ಹೊಳೆದಿರಲಿಕ್ಕಿಲ್ಲ. ನಗುವುದಕ್ಕೆ ದಾರಿ ಮಾಡಿಕೊಟ್ಟವಳು ನಾನು ಅಂತ ನನಗೆ ಹೊಳೆಯುವಷ್ಟರಲ್ಲಿ ಸಂಜೆಯಾಗಿತ್ತು. ಕೂತ ಹುಡುಗಿ ಆ ಪಿರಿಯಡ್ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಜಡೆಯ ತುದಿಯ ರಿಬ್ಬನ್ನನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಅಷ್ಟೇ ಮಾಡುತ್ತಿದ್ದಳು.

ಲೋಕಲ್ ಅಂದರೆ ಈ ಜಾಗದವರು ಅಂತ. ಅದು ಬೈಗುಳವಾದದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಒಂದು ಕಾಲಕ್ಕೆ "ಎಲ್ಲಿಯೋರೋ ಏನೋ" ಅನ್ನುವುದೇ ಅನುಮಾನದ ಮಾತಾಗಿತ್ತು. ಊರಿನವರು ಅನ್ನಿಸಿಕೊಳ್ಳುವುದು ಮರ್ಯಾದೆಯಾಗಿತ್ತು. ಈಗ ಬಟ್ಟೆ ಲೋಕಲ್, ಮಾತು ಲೋಕಲ್, ತಲೆಗೆ ಹಚ್ಚಿದ ಎಣ್ಣೆ ಲೋಕಲ್. ನಾನು ಓದುವಾಗ ಈ ಮಾತಿನ ಜಾಗದಲ್ಲಿ 'ಥರ್ಡ್ ಕ್ಲಾಸ್' ಇತ್ತು. ರೈಲಿನಿಂದ ಮೂರನೇ ದರ್ಜೆ ತೆಗೆದು ಎಷ್ಟೋ ದಶಕಗಳಾದವು, ನಮ್ಮ ಬಾಯಿಂದ ಮಾತ್ರ ಇಳಿದಿಲ್ಲ. ಟೆಂಟ್ ಸಿನಿಮಾದಲ್ಲಿ ಪರದೆಯ ಹತ್ತಿರ ನೆಲದ ಮೇಲೆ ಕೂರುವ ಜಾಗಕ್ಕೆ 'ಗಾಂಧಿ ಕ್ಲಾಸ್' ಅನ್ನುತ್ತಿದ್ದರು. ಬೇಕೆಂದೇ ಮೂರನೇ ದರ್ಜೆಯಲ್ಲಿ ಓಡಾಡಿದ ಮನುಷ್ಯನ ಹೆಸರು ಅತಿ ಅಗ್ಗದ ಟಿಕೇಟಿಗೆ ಬಂತು. ಅದರಲ್ಲಿ ಗೌರವವೂ ಇತ್ತು, ಕೆಳಗಿಡುವುದೂ ಇತ್ತು, ಒಂದರಿಂದ ಇನ್ನೊಂದನ್ನು ಬಿಡಿಸಲು ನನಗೆ ಆಗಿಲ್ಲ.

ನಮ್ಮ ಭಾಷೆಯಲ್ಲಿ ಅಂತಸ್ತು ಅಂದರೆ ಮನೆಯ ಮಹಡಿಯೂ ಹೌದು, ಮನುಷ್ಯನ ಸ್ಥಾನವೂ ಹೌದು. ನಾನು ಬೆಳೆದ ಜಾಗದಲ್ಲಿ ಈ ಎರಡು ಅರ್ಥ ಬೇರೆ ಬೇರೆ ಆಗಿರಲೇ ಇಲ್ಲ.

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದರು. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ಯಾವ ಆಳು ಎಷ್ಟು ದಿನ ಬಂದ, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ವಾರದ ಬಟವಾಡೆಗೆ ಎಷ್ಟು ದುಡ್ಡು ಬೇಕು, ಯಾರ ಮುಂಗಡ ಎಷ್ಟು ಮುರಿದುಕೊಳ್ಳಬೇಕು, ಎಲ್ಲ ಅಪ್ಪನ ಪುಸ್ತಕದಲ್ಲಿ. ಗುಡ್ಡದ ನೆತ್ತಿಯಲ್ಲಿ ಸಾಹುಕಾರರ ಬಂಗಲೆ. ಕೆಳಗೆ ಹಳ್ಳದ ಪಕ್ಕ ಆಳುಗಳ ಲೈನ್: ಒಂದೇ ಸೂರು, ಎಂಟು ಬಾಗಿಲು, ಎಂಟು ಸಂಸಾರ. ನಡುವೆ, ಕಾಫಿ ಒಣಗಿಸುವ ಕಣದ ಪಕ್ಕ, ನಮ್ಮ ಕ್ವಾರ್ಟರ್ಸ್. ಬಂಗಲೆಯ ಜಗಲಿಯಲ್ಲಿ ನಿಂತರೆ ನಮ್ಮ ಹಿತ್ತಿಲು, ಲೈನಿನ ಬಚ್ಚಲು, ಎಲ್ಲ ಕಾಣುತ್ತಿತ್ತು. ಲೈನಿನಿಂದ ಮೇಲೆ ನೋಡಿದರೆ ಕಾಣುತ್ತಿದ್ದದ್ದು ಬರೀ ಸಿಲ್ವರ್ ಮರಗಳು.

ಬಂಗಲೆಯ ಹತ್ತು ವರ್ಷದ ಹುಡುಗ ಅರವತ್ತು ದಾಟಿದ ಮೇಸ್ತ್ರಿಯನ್ನು "ಬಾರೋ" ಅನ್ನುತ್ತಿದ್ದ. ಮೇಸ್ತ್ರಿ ಆ ಹುಡುಗನಿಗೆ "ಬನ್ನಿ ಸಣ್ಣಯ್ಯ" ಅನ್ನುತ್ತಿದ್ದರು. ಅಪ್ಪನನ್ನು ಸಾಹುಕಾರರು ಕರೆಯುತ್ತಿದ್ದದ್ದು "ಏನಪ್ಪಾ ರೈಟ್ರೇ, ಲೆಕ್ಕ ಆಯ್ತಾ" ಅಂತ. ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಎರಡನ್ನೂ ಮುಟ್ಟದೆ ನಡುವೆ ನಡೆದುಹೋಗುವ ಆ ವಾಕ್ಯ ನಮ್ಮ ಮನೆಯ ಜಾಗವನ್ನು ಸರಿಯಾಗಿ ತೋರಿಸುತ್ತಿತ್ತು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೈನಿನ ಹಿರಿಯರು ಬಂಗಲೆಯ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದರಂತೆ, ಕೊಡೆ ಮಡಚುತ್ತಿದ್ದರಂತೆ. ಜುಲೈ ತಿಂಗಳು, ಸಕಲೇಶಪುರದ ಮಳೆ. ಬಂಗಲೆ ದಾಟಿದ ಮೇಲೆ ಮತ್ತೆ ಕೊಡೆ ಬಿಚ್ಚುವುದು.

'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ' ಅನ್ನುವ ಗಾದೆಯನ್ನು ನಾನು ಈಗ ಪಾಠದಲ್ಲಿ ಬಳಸುವುದಿಲ್ಲ. ಎಲ್ಲರೂ ನಗುವ ಗಾದೆ. ಕೊಡೆ ಬರೀ ಮಳೆಗೆ ಇದ್ದದ್ದಲ್ಲ, ಬೆಳ್ಗೊಡೆ ಅರಸರ ಗುರುತಾಗಿತ್ತು. ಹಗಲಿನಲ್ಲಿ ಕೊಡೆ ಹಿಡಿಯಲು ಬಿಡದಿದ್ದವನು ಯಾರೂ ನೋಡದ ಹೊತ್ತಿನಲ್ಲಿ ಹಿಡಿದು ನೋಡಿದರೆ ಅದರಲ್ಲಿ ನಗುವಂಥದ್ದು ಏನಿದೆ ಅಂತ ಕೇಳಿಕೊಂಡಾಗಿನಿಂದ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ.

ಅಮ್ಮ ಮಲೆನಾಡಿನವಳಲ್ಲ. ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆ. ರಾಗಿ, ತೆಂಗು, ಆಲೂಗಡ್ಡೆಯ ನಾಡು. ಅವಳ ಬಾಯಲ್ಲಿ ಹಕಾರ ಇರಲಿಲ್ಲ. ಬಂಗಲೆಯಲ್ಲಿ ನಾಲ್ಕು ಹಸು ಇದ್ದವು. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಹೋಗಿ ನಾವು ಹಾಲು ತರಬೇಕು. "ಅಮ್ಮಾವ್ರೆ, ಅರ್ಧ ಲೀಟರ್ ಆಲು" ಅನ್ನುತ್ತಿದ್ದಳು. 1986ರ ಬೇಸಿಗೆ ರಜೆ. ಬೆಂಗಳೂರಿನಿಂದ ಬಂಗಲೆಗೆ ಮೊಮ್ಮಕ್ಕಳು ಬಂದಿದ್ದರು. ಎರಡು ಮೂರು ದಿನ ಅಮ್ಮನ ಮಾತು ಕೇಳಿ ಬಾಗಿಲ ಹಿಂದೆ ಕಿಸಕ್ಕನೆ ನಕ್ಕರು. ನಾಲ್ಕನೇ ದಿನ ಅವಳ ಕೈಯಿಂದ ಚೆಂಬು ಇಸಿದುಕೊಂಡು ಒಳಗೆ ಓಡಿ, ಎರಡು ಆಲೂಗಡ್ಡೆ ಹಾಕಿ ತಂದುಕೊಟ್ಟರು. "ತಗೊಳ್ಳಿ ಆಂಟಿ, ನೀವು ಕೇಳಿದ್ದು."

ಹಿತ್ತಾಳೆಯ ಚೆಂಬು. ಗಡ್ಡೆಗಳು ತಳಕ್ಕೆ ಬಡಿದ ಸದ್ದು ನನಗೆ ಇನ್ನೂ ನೆನಪಿದೆ. ಒಂದರ ಮೇಲೆ ಮಣ್ಣು ಹಾಗೇ ಅಂಟಿತ್ತು. ಒಳಗಿನಿಂದ ಅಮ್ಮಾವ್ರು ನಗುತ್ತಲೇ "ಏಯ್, ಹಂಗೆಲ್ಲ ಮಾಡಬಾರದು" ಅಂದರು. ಅಮ್ಮನೂ ನಕ್ಕಳು. ಅವಳು ನಕ್ಕ ರೀತಿ ನನಗೆ ಆ ವಯಸ್ಸಿನಲ್ಲೂ ಸರಿ ಅನ್ನಿಸಲಿಲ್ಲ. ಮುಖದಲ್ಲಿ ಬಾಯಿ ಮಾತ್ರ ನಗುತ್ತಿತ್ತು. ಗಡ್ಡೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು, ಚೆಂಬಿನ ಒಳಗೆ ಕೈಹಾಕಿ ಸೆರಗಿನ ಇನ್ನೊಂದು ತುದಿಯಿಂದ ಒರೆಸಿದಳು, ಹಾಲು ಹಾಕಿಸಿಕೊಂಡಳು. ದಾರಿಯಲ್ಲಿ ಮಾತಾಡಲಿಲ್ಲ. ರಾತ್ರಿ ಆ ಗಡ್ಡೆಗಳನ್ನೇ ಹೆಚ್ಚಿ ಪಲ್ಯ ಮಾಡಿದಳು.

ಆ ರಾತ್ರಿಯಿಂದ ಅವಳು ಹಕಾರ ಕಲಿಯಲು ಶುರು ಮಾಡಿದಳು. ಒಲೆಯ ಮುಂದೆ ಕೂತು, ಹಾಲು ಉಕ್ಕದಂತೆ ನೋಡುತ್ತಾ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: ಹಾಲು, ಹಸು, ಹಣ, ಹುಡುಗಿ, ಹಾಸನ. ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ಉಸಿರು. ಕಲಿತ ಉಸಿರು ಬೇಡದ ಕಡೆಯೂ ಬಂತು. ಅಕ್ಕಿ ಹಕ್ಕಿಯಾಯಿತು. ಆಳು ಹಾಳಾಯಿತು. "ಇವತ್ತು ಎಷ್ಟು ಹಾಳು ಬಂದಿದ್ರು?" ಅಂತ ಒಂದು ಸಂಜೆ ಅಪ್ಪನನ್ನು ಕೇಳಿದಳು. ಅಪ್ಪ ಲೆಕ್ಕದ ಪುಸ್ತಕದಿಂದ ತಲೆ ಎತ್ತಿ ಅವಳನ್ನು ನೋಡಿದರು. ಏನೂ ತಿದ್ದಲಿಲ್ಲ. "ನಲವತ್ತೆರಡು" ಅಂದರು.

ಅಪ್ಪನ ಒಳ್ಳೆಯತನಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಆ 'ನಲವತ್ತೆರಡು'.

ಎರಡು ವರ್ಷದಲ್ಲಿ ಅಮ್ಮನ ಹಕಾರ ಗಟ್ಟಿಯಾಯಿತು. ಆಮೇಲೆ ಅದು ನನ್ನ ಮೇಲೆ ಬಂತು. ದಾರಿಯಲ್ಲಿ ತಿನ್ನುತ್ತಾ ಬರಬೇಡ. ಗಟ್ಟಿಯಾಗಿ ಕೂಗಬೇಡ. ಹೊಸಿಲ ಮೇಲೆ ಕೂತು ತಲೆ ಬಾಚಬೇಡ. ಇದೆಲ್ಲದರ ಕೊನೆಗೆ ಒಂದೇ ಮಾತು: "ಲೈನ್ ಮಕ್ಕಳ ಥರ ಆಡ್ಬೇಡ." ಬಂಗಲೆಯಲ್ಲಿ ಈ ಭಯ ಇರಲಿಲ್ಲ. ಅಲ್ಲಿಯ ಹುಡುಗರು ಗೇರು ಮರ ಹತ್ತಿ ಸೊಂಟದವರೆಗೂ ಕೆಸರು ಮಾಡಿಕೊಂಡು ಬರುತ್ತಿದ್ದರು. ಲೈನಿನವರಿಗೆ ಅವಮಾನ ಇರಲಿಲ್ಲ ಅಂತಲ್ಲ. ಅವರಿಗೆ ಆಗುತ್ತಿದ್ದ ಅವಮಾನದಿಂದ ಉಚ್ಚಾರಣೆ ತಿದ್ದಿಕೊಂಡು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ತಪ್ಪಿಸಿಕೊಳ್ಳಬಹುದು ಅನ್ನುವ ಆಸೆ ನಮಗೆ ಮಾತ್ರ ಇತ್ತು. ಆ ಆಸೆಯೇ ಅಮ್ಮನನ್ನು ಹಗಲೂ ರಾತ್ರಿ ಕಾವಲು ನಿಲ್ಲಿಸಿತು.

ಎಂ.ಎ. ಓದುವಾಗ ಒಂದು ದಿನ ಭಾಷಾ ಚರಿತ್ರೆಯ ಪಾಠದಲ್ಲಿ ಕೂತಿದ್ದೆ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು ಅಂತ ಮೇಷ್ಟ್ರು ಹೇಳುತ್ತಿದ್ದರು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ನಾನು ಬರೆಯುವುದನ್ನು ನಿಲ್ಲಿಸಿದೆ. ನಮ್ಮ ಲೈನಿನಲ್ಲಿ ತಮಿಳು ಸಂಸಾರಗಳಿದ್ದವು. ಅವರು ಮಗುವಿಗೆ ಕೇಳುತ್ತಿದ್ದದ್ದು 'ಪಾಲ್'. ಘಟ್ಟದ ಕೆಳಗಿನಿಂದ ಬಂದ ತುಳುವರು 'ಪೇರ್' ಅನ್ನುತ್ತಿದ್ದರು. ಬಂಗಲೆಯಲ್ಲಿ ಹಾಲು. ನಮ್ಮ ಅಡುಗೆಮನೆಯಲ್ಲಿ ಆಲು. ಒಂದೇ ಗುಡ್ಡದಲ್ಲಿ, ನಾಲ್ಕು ಹಸುವಿನ ಸುತ್ತ, ಒಂದು ಮಾತಿನ ಸಾವಿರಾರು ವರ್ಷದ ನಡಿಗೆ ಪೂರ್ತಿ ಇತ್ತು. ಪಕಾರ ಹಕಾರವಾಯಿತು, ಹಕಾರ ಉಸಿರಿಗೆ ಕರಗುತ್ತಿದೆ. ಅಮ್ಮ ಆ ನಡಿಗೆಯಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದಿದ್ದಳು. ಅವಳನ್ನು ಹಿಂದಕ್ಕೆ ಕರೆಸಿದರು.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕ್ರಿ.ಶ. 450ರ ಸುಮಾರಿನದು, ಕನ್ನಡದ 16 ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಒಂದು ಮೂಳಿವಳ್ಳಿ. ಇನ್ನೊಂದು ಪಲ್ಮಡಿ. ಆ ಪಲ್ಮಡಿಯೇ ಇವತ್ತಿನ ಹಲ್ಮಿಡಿ. ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ನನ್ನನ್ನು ಕೇಳಿದ್ದು "ಅಲ್ಮಿಡಿ ಬಸ್ಸು ಓಯ್ತಾ ತಾಯಿ" ಅಂತ. ಪಲ್ಮಡಿ, ಹಲ್ಮಿಡಿ, ಅಲ್ಮಿಡಿ. ಪಾಲನ್ನು ಮೊಟ್ಟಮೊದಲು ಹಾಲು ಅಂದವಳನ್ನೂ ಯಾರೋ ಬಾಗಿಲ ಹಿಂದೆ ನಿಂತು ನಕ್ಕಿರಬೇಕು.

ಇದು ನಮ್ಮ ನಾಡಿನದು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲೂ ಕೆಳಗಿನವರನ್ನು ಗುರುತಿಸಿದ್ದು ಹಕಾರದಿಂದಲೇ. 'ಹೌಸ್' ಅನ್ನುವುದನ್ನು 'ಔಸ್' ಅಂದರೆ ಸಾಕು, ಮನುಷ್ಯನ ಅಂತಸ್ತು ತೀರ್ಮಾನವಾಗುತ್ತಿತ್ತು. ಆದರೆ 'ಆನರ್', 'ಅವರ್' ಅನ್ನುವ ಮಾತುಗಳಲ್ಲಿ ಬರೆದ ಹಕಾರವನ್ನು ಯಾರೂ ನುಡಿಯುವುದಿಲ್ಲ, ಅದು ಯಾರಿಗೂ ತಪ್ಪಾಗಿ ಕೇಳುವುದಿಲ್ಲ. ಅವು ಫ್ರೆಂಚಿನಿಂದ, ಆಳುವವರ ಬಾಯಿಂದ ಬಂದ ಮಾತುಗಳು. ಬರ್ಮಿಂಗ್‌ಹ್ಯಾಮಿನ ಭಾಷಾ ಪ್ರಾಧ್ಯಾಪಕ ಅಲನ್ ರಾಸ್ 1954ರಲ್ಲಿ ಒಂದು ಲೇಖನ ಬರೆದರು. ಇಂಗ್ಲೆಂಡಿನ ಮೇಲ್ವರ್ಗದವರು ಈಗ ಉಳಿದವರಿಗಿಂತ ಹೆಚ್ಚು ಶ್ರೀಮಂತರಲ್ಲ, ಹೆಚ್ಚು ಓದಿದವರೂ ಅಲ್ಲ, ಅವರನ್ನು ಬೇರೆಯಾಗಿ ತೋರಿಸುವುದು ಭಾಷೆ ಮಾತ್ರ ಅನ್ನುವುದು ಅವರ ವಾದ. ಕೇಳಿಸದಿದ್ದಾಗ ಮೇಲಿನವರು ಒರಟಾಗಿ 'ವಾಟ್?' ಅನ್ನುತ್ತಾರೆ, ಮೇಲಿನವರ ಹಾಗೆ ಕಾಣಬೇಕು ಅನ್ನುವವರು ಎಚ್ಚರದಿಂದ 'ಪಾರ್ಡನ್' ಅನ್ನುತ್ತಾರೆ ಅಂತ ಅವರು ತೋರಿಸಿದರು. ಅದನ್ನು ಓದಿದಾಗ ನನಗೆ ಸಾಹುಕಾರರು ನೆನಪಾದರು. ಅವರು ಕೇಳಿಸದಿದ್ದರೆ "ಆಂ?" ಅನ್ನುತ್ತಿದ್ದರು. ಅಮ್ಮ ನನಗೆ ಕಲಿಸಿದ್ದು "ಏನಂದ್ರಿ?" ಅಂತ. ಎಚ್ಚರ ತಪ್ಪಿಯೂ "ಆಂ" ಅನ್ನಬಾರದು.

ಸಾಹುಕಾರರು ತೂತು ಬಿದ್ದ ಬನೀನು ಹಾಕಿಕೊಂಡು ಕಣದಲ್ಲಿ ನಿಲ್ಲುತ್ತಿದ್ದರು. ಆಳುಗಳ ಜೊತೆ "ಎಲ್ಗ್ ಓಯ್ತೀಯ್ಲಾ" ಅಂತ ಅವರದೇ ಮಾತು ಆಡುತ್ತಿದ್ದರು. ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡು ಕೈ ನೆಕ್ಕುತ್ತಿದ್ದರು. ನೋಡಿದ ನೆಂಟರೆಲ್ಲ ಹೇಳುತ್ತಿದ್ದದ್ದು ಒಂದೇ: "ಎಷ್ಟು ಸಿಂಪಲ್ ಮನುಷ್ಯ!" ಅದೇ ಬನೀನು, ಅದೇ ಮಾತು, ಅದೇ ಕೈ, ಲೈನಿನ ಒಬ್ಬರದ್ದಾದರೆ ಲೋಕಲ್. ನಮ್ಮ ಅಪ್ಪನದ್ದಾದರೆ "ರೈಟರ್ ಆಗಿ ಹಿಂಗಿರ್ತಾನಲ್ಲ." ನನಗೆ ಇಷ್ಟು ವರ್ಷದಲ್ಲಿ ತಿಳಿದದ್ದು ಇಷ್ಟೇ. ಯಾವ ನಡತೆಯೂ ತನ್ನಷ್ಟಕ್ಕೆ ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ. ಆ ಮನುಷ್ಯನ ಬೆನ್ನ ಹಿಂದೆ ಏನಿದೆ ಅಂತ ನೋಡಿಕೊಂಡು ನಾವು ಅದಕ್ಕೆ ಹೆಸರು ಇಡುತ್ತೇವೆ. ಬೆನ್ನ ಹಿಂದೆ ಇನ್ನೂರು ಎಕರೆ ಇದ್ದವನು ಎಚ್ಚರ ತಪ್ಪಬಹುದು. ಇಲ್ಲದವರು ಪ್ರತಿ ಅಕ್ಷರಕ್ಕೂ ಲೆಕ್ಕ ಕೊಡಬೇಕು.

ಬೆಲ್ಲದ ಕಾಫಿಯನ್ನೇ ನೋಡಿ. ಲೈನಿನಲ್ಲಿ ಹಾಲು, ಸಕ್ಕರೆ ಕೊಳ್ಳಲು ಆಗದೆ ಕಾಫಿಪುಡಿ, ಬೆಲ್ಲ ಹಾಕಿ ಕುದಿಸಿ ಕುಡಿಯುತ್ತಿದ್ದರು. ಅದೂ ಒಳ್ಳೆಯ ಬೀಜದ ಪುಡಿಯಲ್ಲ, ನೆಲಕ್ಕೆ ಬಿದ್ದು ಆರಿಸಿ ತಂದದ್ದರ ಪುಡಿ. ನಮ್ಮ ಮನೆಗೆ ಯಾರಾದರೂ ಬಂದಾಗ ಹಾಲು ಮುಗಿದಿದ್ದರೆ ಅಮ್ಮ ಕಾಫಿಯನ್ನೇ ಕೊಡುತ್ತಿರಲಿಲ್ಲ. ಕರಿ ಕಾಫಿ ಕೊಡುವುದಕ್ಕಿಂತ ಕೊಡದೆ ಕಳಿಸುವುದು ಮೇಲು ಅವಳಿಗೆ. ಹೋದ ವರ್ಷ ಸಹೋದ್ಯೋಗಿಗಳ ಜೊತೆ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಮಣ್ಣಿನ ಲೋಟದಲ್ಲಿ ಬೆಲ್ಲದ ಕರಿ ಕಾಫಿ ತಂದಿಟ್ಟು "ಮಲೆನಾಡು ಸ್ಪೆಷಲ್ ಮೇಡಂ" ಅಂದರು. ಗೋಡೆಗೆ ಒಂದು ಗೊರಬು ನೇತುಹಾಕಿ ಅದರ ಮೇಲೆ ದೀಪ ಬಿಟ್ಟಿದ್ದರು. ಗೊರಬು ಹೊದ್ದು ಸೊಂಟ ಬಗ್ಗಿಸಿ ಮಳೆಯಲ್ಲಿ ನಾಟಿ ನೆಟ್ಟವರ ಬೆನ್ನು ನನಗೆ ಗೊತ್ತು. ಕಾಫಿ ಚೆನ್ನಾಗಿಯೇ ಇತ್ತು. ನಾನು ಪೂರ್ತಿ ಕುಡಿಯಲು ಆಗದೆ ಇಟ್ಟುಬಿಟ್ಟೆ.

ಮುದ್ದೆಯದ್ದೂ ಇದೇ ಕತೆ. ನೆಂಟರು ಬಂದರೆ ಅನ್ನ, ಮನೆಯವರಿಗೆ ಮುದ್ದೆ ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದರು. ಆ ತಿಂಗಳು ಮನೆಗೆ ಬಂದ ಅಪ್ಪನ ಸ್ನೇಹಿತರಿಗೆ ಅಮ್ಮ ಮೊದಲ ಸಲ ಧೈರ್ಯವಾಗಿ ಮುದ್ದೆ ಬಡಿಸಿದಳು.

ಹಾಗಾದರೆ ಎಲ್ಲ ದುಡ್ಡಿನ ಮೇಲೆ ನಿಂತಿದೆಯೇ? ಅಲ್ಲ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಗೆ ಬೆಲೆ ಬಂದಾಗ ಬಂಗಲೆಗೆ ಹೊಸ ಕಾರು ಬಂತು. 2001-02ರಲ್ಲಿ ಬೆಲೆ ನೆಲಕಚ್ಚಿದಾಗ ಆ ಕಾರೂ ಹೋಯಿತು. ಆ ಎರಡು ವರ್ಷ ಸಾಹುಕಾರರ ಸಾಲ ಎಷ್ಟಿತ್ತು ಅಂದರೆ ಅಪ್ಪನ ಇಡೀ ಜೀವಮಾನದ ಸಂಬಳ ಅದರ ಬಡ್ಡಿಗೆ ಸಾಲದು. ಲೆಕ್ಕ ಬರೆದವರು ಅಪ್ಪನೇ. ಕೈಯಲ್ಲಿದ್ದ ದುಡ್ಡು ನೋಡಿದರೆ ಅವರಿಗಿಂತ ನಾವೇ ಅನುಕೂಲಸ್ಥರು. ಆದರೂ ಅವರು ಸಾಹುಕಾರರೇ, ನಾವು ರೈಟರ್ ಮನೆಯವರೇ. ಪಕ್ಕದ ತೋಟವನ್ನು ಊರಿನಿಂದ ಬಂದ ಒಬ್ಬ ಗುತ್ತಿಗೆದಾರರು ನಗದು ಕೊಟ್ಟು ಕೊಂಡರು. ಹಳೆಯ ಮನೆಗಳವರು ಅವರ ಬಗ್ಗೆ ಹೇಳುತ್ತಿದ್ದದ್ದು "ಮೊನ್ನೆ ಮೊನ್ನೆ ದುಡ್ಡು ಕಂಡೋರು" ಅಂತ. ಅವರ ಗೇಟಿನ ಬಣ್ಣ ಜಾಸ್ತಿ, ಅವರ ಹೆಂಡತಿಯ ಒಡವೆ ಜಾಸ್ತಿ, ಅವರ ನಗು ಜೋರು. ಮೂರು ತಲೆಮಾರು ಹಳೆಯದಾಗದ ದುಡ್ಡಿಗೆ ಅಲ್ಲಿ ಕೂರಲು ಜಾಗ ಇರಲಿಲ್ಲ.

ಜಾಗ ಅಂದೆ. ಸಾಹುಕಾರರ ಮಗಳ ಮದುವೆ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ನಮ್ಮದೂ ಅವರದೂ ಒಂದೇ ಜಾತಿ. ಅಮ್ಮ ಒಂದು ವಾರ ಮೊದಲೇ ಬಂಗಲೆಗೆ ಹೋಗಿ ಹಪ್ಪಳ, ಚಕ್ಕುಲಿಗೆ ಕೈ ಹಾಕಿದ್ದಳು. ಊಟದ ಮೊದಲ ಪಂಕ್ತಿಯಲ್ಲಿ ಅಪ್ಪ ಎಲೆಯ ಮುಂದೆ ಕೂತಿದ್ದರು, ನೀರು ಚಿಮುಕಿಸಿ ಎಲೆ ಒರೆಸಿದ್ದೂ ಆಗಿತ್ತು. ಯಾರೋ ಬಂದು ಹೆಗಲು ಮುಟ್ಟಿ, ತುಂಬ ಮೆಲ್ಲಗೆ, "ರೈಟ್ರೇ, ನಾವು ನಾವು ಆಮೇಲೆ ಕೂತ್ಕೊಳ್ಳೋಣ, ಬೀಗರ ಕಡೆಯೋರು ನಿಂತವ್ರೆ" ಅಂದರು. ಅಪ್ಪ ಎದ್ದರು. 'ನಾವು ನಾವು' ಅಂದವರು ಮಾತ್ರ ಅಲ್ಲೇ ಕೂತರು. ಲೈನಿನವರಿಗೆ ಮಂಟಪದ ಹಿಂದೆ ಬೇರೆ ಶಾಮಿಯಾನ. ಅವರು ಉಂಡದ್ದು ಸಂಜೆ ನಾಲ್ಕಕ್ಕೆ.

ಇಲ್ಲಿ ಒಂದು ಮಾತು ಬರೆಯದೆ ಮುಂದೆ ಹೋದರೆ ಮೇಲಿನದ್ದೆಲ್ಲ ಸುಳ್ಳಾಗುತ್ತದೆ. ನಮ್ಮ ಕ್ವಾರ್ಟರ್ಸಿನ ಹಿಂದಿನ ಸೂರಿನ ಸಂದಿಯಲ್ಲಿ ಒಂದು ಲೋಟ ಸಿಕ್ಕಿಸಿಟ್ಟಿರುತ್ತಿತ್ತು. ಲೈನಿನ ಕೆಲವು ಮನೆಯವರು ಬಂದರೆ ಅದನ್ನು ಅವರೇ ತೆಗೆದುಕೊಂಡು, ಮೇಲಿನಿಂದ ಹುಯ್ದ ಕಾಫಿ ಕುಡಿದು, ತೊಳೆದು ಅಲ್ಲೇ ಇಟ್ಟು ಹೋಗುತ್ತಿದ್ದರು. ಬಂಗಲೆಯ ಹಿತ್ತಿಲಲ್ಲಿ ನಕ್ಕಿಸಿಕೊಂಡು ಬಂದ ಅಮ್ಮನೇ ಆ ಲೋಟಕ್ಕೆ ಕಾಫಿ ಹುಯ್ಯುತ್ತಿದ್ದಳು. ಎರಡೂ ಒಂದೇ ಕೈ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡಗಿನ ಜನರ ಬಗ್ಗೆ ಬರೆಯುತ್ತಾ, ಕೆಳಗಿನವರು ಮೇಲಿನವರ ರೀತಿ ನೀತಿ ತಮ್ಮದು ಮಾಡಿಕೊಂಡು ಮೇಲೇರಲು ನೋಡುತ್ತಾರೆ ಅಂತ ವಿವರಿಸಿದರು, ಅದಕ್ಕೆ ಸಂಸ್ಕೃತೀಕರಣ ಅಂತ ಹೆಸರಿಟ್ಟರು. ಅಮ್ಮನ ಹಕಾರದಲ್ಲಿ ಅಂಥದ್ದೇ ಒಂದು ಹತ್ತುವಿಕೆ ಇತ್ತು. ಮೇಲಿನವರಿಂದ ಅವಳು ಹಕಾರ ಒಂದನ್ನೇ ತೆಗೆದುಕೊಳ್ಳಲಿಲ್ಲ, ಲೋಟವನ್ನೂ ತೆಗೆದುಕೊಂಡಿದ್ದಳು. ಆ ಲೋಟದ ಕಡೆಯವರು ಎಷ್ಟೇ ಶುದ್ಧವಾಗಿ ಹಾಲು ಅಂದರೂ ಲೋಟ ಸೂರಿನಿಂದ ಒಳಗೆ ಬರುತ್ತಿರಲಿಲ್ಲ. ಜಾತಿ ಇಲ್ಲದ ವರ್ಗದ ಮಾತನ್ನು ನಮ್ಮ ಕಡೆ ಆಡಿದರೆ ಅದು ಅರ್ಧ ಮಾತು.

ಉಳಿದ ಅರ್ಧ ನೆಲದ್ದು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಅಮ್ಮನ ಅಪ್ಪ ಡಿಕ್ಲರೇಷನ್ ಹಾಕಿ, ತಾವು ಗೇಣಿಗೆ ಮಾಡುತ್ತಿದ್ದ ಎರಡು ಎಕರೆಗೆ ಒಡೆಯರಾದರು. ಅಜ್ಜ ಸಾಯುವವರೆಗೂ ಆ ಕಾಗದವನ್ನು ಟ್ರಂಕಿನಲ್ಲಿ ಅಜ್ಜಿಯ ಧಾರೆ ಸೀರೆಯ ಕೆಳಗೆ ಇಟ್ಟಿದ್ದರು. ಕಾಫಿ, ಏಲಕ್ಕಿ ತೋಟಗಳಿಗೆ ಆ ಕಾನೂನಿನ ಭೂಮಿತಿ ತಟ್ಟಲಿಲ್ಲ. ಗುಡ್ಡ ಇದ್ದ ಹಾಗೇ ಇತ್ತು. ತೋಟದ ಕಾರ್ಮಿಕರಿಗೆ ಮಾಲೀಕರು ಮನೆ ಕೊಡಬೇಕು ಅಂತ 1951ರ ಕಾಯ್ದೆ ಹೇಳಿತು, ಲೈನ್ ಮನೆಗಳಿಗೆ ಹೆಂಚು ಬಂದದ್ದು, ಬಚ್ಚಲು ಬಂದದ್ದು ಆ ಬಲದಿಂದ. ಆದರೆ ಮನೆ ಇರುವುದು ಕೆಲಸ ಇರುವವರೆಗೆ. ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡ ಮನೆಯೂ ಅವರದಲ್ಲ. ನಮ್ಮದೂ ಅಷ್ಟೇ. 2003ರಲ್ಲಿ ಅಪ್ಪ ನಿವೃತ್ತರಾದ ದಿನ ಸಂಜೆ ಬಂಗಲೆಗೆ ಹೋಗಿ ಎರಡು ಬೀಗದ ಕೈ ಕೊಟ್ಟು ಬಂದರು. ಮೂವತ್ತೊಂದು ವರ್ಷ ಇದ್ದ ಮನೆ. ಅಮ್ಮ ನೆಟ್ಟ ಕರಿಬೇವಿನ ಗಿಡ ಸೂರು ಮುಟ್ಟುತ್ತಿತ್ತು. ಪಾಲು ಅಂದರೆ ಹಳಗನ್ನಡದಲ್ಲಿ ಹಾಲು ಆಗಿರಬಹುದು, ಅಮ್ಮನಿಗೆ ಆ ಮಾತಿನ ಅರ್ಥ ಒಂದೇ: ನೆಲದಲ್ಲಿ ತನಗೆ ಸೇರಬೇಕಾದದ್ದು. ಅದು ಅಲ್ಲಿ ಅವಳಿಗೆ ಇರಲಿಲ್ಲ.

ಈಗ ಲೈನುಗಳಲ್ಲಿ ಅಸ್ಸಾಂ, ಜಾರ್ಖಂಡ್, ಬಂಗಾಳದ ಕಡೆಯ ಹುಡುಗರಿದ್ದಾರೆ. ಅವರ ಮಕ್ಕಳು ಸಕಲೇಶಪುರ, ಮೂಡಿಗೆರೆಯ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿವೆ. ಯಾವ ಅಕ್ಷರಕ್ಕೆ ಅವರನ್ನು ನಗುತ್ತಾರೋ ಅಂತ ನನಗೆ ದಿಗಿಲಾಗುತ್ತದೆ.

ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. 1000 ರೂಪಾಯಿಯ ಸಾಲು, 300 ರೂಪಾಯಿಯ ಸಾಲು, ಧರ್ಮದರ್ಶನದ ಸಾಲು. ಮಂಡಿ ನೋವು, 300ರದ್ದು ತೆಗೆಯುತ್ತೇನೆ ಅಂದರೆ ಒಪ್ಪುವುದಿಲ್ಲ. ಧರ್ಮದರ್ಶನದ ಸಾಲಿನಲ್ಲಿ, ಊರು ಊರಿನಿಂದ ಬಂದ ಹೆಂಗಸರ ನಡುವೆ, ಅವಳ ಬೆನ್ನು ಸ್ವಲ್ಪ ಸಡಿಲವಾಗುವುದನ್ನು ನೋಡಿದ್ದೇನೆ. ಅಲ್ಲಿ ಅವಳ ಮಾತಿಗೆ ಕಾವಲು ಇರುವುದಿಲ್ಲ.

ಆ ಹುಡುಗಿಯ ಕಾಪಿಯ ಕೆಂಪು ಸೊನ್ನೆಯನ್ನು ನಾನು ಅಳಿಸಲಿಲ್ಲ. ಬರಹಕ್ಕೆ ಎಲ್ಲರೂ ಒಪ್ಪಿದ ಒಂದು ರೂಪ ಬೇಕು. ಎಸ್.ಎಸ್.ಎಲ್.ಸಿ.ಯಲ್ಲಿ ಅವಳು ಆಸನ ಅಂತ ಬರೆದರೆ ಅಂಕ ಹೋಗುತ್ತದೆ, ಅದನ್ನು ಹೇಳಿಕೊಡುವುದು ನನ್ನ ಕೆಲಸ. ಎದ್ದು ನಿಲ್ಲಿಸಿ ಓದಿಸಿದ್ದು ನನ್ನ ಕೆಲಸ ಆಗಿರಲಿಲ್ಲ. ಮುಂದಿನ ವಾರ ಬೋರ್ಡಿನ ಮೇಲೆ ಪಲ್ಮಡಿ, ಹಲ್ಮಿಡಿ, ಅಲ್ಮಿಡಿ ಅಂತ ಮೂರು ಮಾತು ಬರೆದು ನಲವತ್ತು ನಿಮಿಷ ಅದನ್ನೇ ಮಾತಾಡಿದೆ. ಮೂರರಲ್ಲಿ ಯಾವುದು ಸರಿ ಅಂತ ಕೇಳಿದೆ. ತುಂಬ ಹೊತ್ತು ಯಾರೂ ಕೈ ಎತ್ತಲಿಲ್ಲ. ಅವಳು ರಿಬ್ಬನ್ ಸುತ್ತುವುದನ್ನು ಬಿಟ್ಟು ಬೋರ್ಡು ನೋಡುತ್ತಿದ್ದಳು.

ಅಪ್ಪ ಹೋಗಿ ಆರು ವರ್ಷವಾಯಿತು. ಅಮ್ಮ ನನ್ನ ಜೊತೆ ಹಾಸನದಲ್ಲಿದ್ದಾಳೆ, ಎಪ್ಪತ್ತನಾಲ್ಕು. ಮಧ್ಯಾಹ್ನ ಮೂರೂವರೆಯ ಮೇಲೆ ಚನ್ನರಾಯಪಟ್ಟಣದ ಚಿಕ್ಕಮ್ಮನಿಗೆ ಫೋನ್ ಮಾಡುತ್ತಾಳೆ. ಕಿವಿ ಮಂದ, ಸ್ಪೀಕರ್ ಹಾಕಿಕೊಂಡೇ ಮಾತು. ಒಂದು ದಿನ ಶಾಲೆ ಬೇಗ ಬಿಟ್ಟಿತ್ತು. ಗೇಟಿನ ಹತ್ತಿರ ಬರುವಾಗಲೇ ಅವಳ ದನಿ ಕೇಳಿಸಿತು: "ಆಲ್ಗೆ ಎಪ್ಪು ಆಕಿವ್ನಿ ಕಣಮ್ಮಿ, ನಾಳೀಕೆ ಮೊಸ್ರಾಯ್ತದೆ." ಚಿಕ್ಕಮ್ಮ ಆ ಕಡೆಯಿಂದ ಏನೋ ಅಂದರು. ಅಮ್ಮ ಜೋರಾಗಿ ನಕ್ಕಳು. ಬಾಯಿ, ಗಂಟಲು, ಎದೆ ಎಲ್ಲ ಸೇರಿದ ನಗು. ನಾನು ಗೇಟಿನ ಚಿಲಕ ತೆಗೆದೆ. ಸದ್ದಾಯಿತು. ಒಳಗೆ ಮಾತು ನಿಂತಿತು. ಸ್ಪೀಕರ್ ಆಫ್ ಆಯಿತು. ನಾನು ಒಳಗೆ ಕಾಲಿಟ್ಟಾಗ ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು ನಿಂತಿದ್ದಳು. "ಬಂದ್ಯಾ? ಹಾಲಿಗೆ ಹೆಪ್ಪು ಹಾಕಿದೀನಿ, ಫ್ರಿಜ್ಜಲ್ಲಿ ಇಡ್ಬೇಡ" ಅಂದಳು. ಹಾಲು, ಹೆಪ್ಪು, ಹಾಕಿದೀನಿ. ಒಂದೊಂದಕ್ಕೂ ಮೊದಲು ಆ ಸಣ್ಣ ಉಸಿರು.

ಈಗ ನಾನು ಬೇಗ ಬಂದ ದಿನ ಗೇಟು ಮುಟ್ಟುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಕಾಪಿಗಳ ಚೀಲ ತೊಡೆಗಿಟ್ಟುಕೊಂಡು, ಚಿಕ್ಕಮ್ಮನ ಜೊತೆ ಅವಳ ಮಾತು ಮುಗಿಯುವವರೆಗೆ ಕೂತಿರುತ್ತೇನೆ.